ಬಿಲ್ಲು ನಮೂದಿಸುವ ಬಾಟ್ ಸಾಕೇ, ಇಡೀ ಪ್ರಕ್ರಿಯೆಯನ್ನೇ ಆಟೊಮೇಷನ್‌ಗೆ ತರಬೇಕೇ?

ಚರ್ಚೆ ಆರಂಭಿಸಿದವರು: ಲೆಕ್ಕಪತ್ರ ವಿಭಾಗದ ವ್ಯವಸ್ಥಾಪಕ, ಪೀಣ್ಯ

ಎಲ್ಲರಿಗೂ ನಮಸ್ಕಾರ. ಯಂತ್ರಗಳ ಬಿಡಿಭಾಗ ತಯಾರಿಸುವ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ನಾನು ಲೆಕ್ಕಪತ್ರ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ನಮಗೆ ತಿಂಗಳಿಗೆ ಸುಮಾರು 1,200 ಖರೀದಿ ಬಿಲ್ಲುಗಳು ಬರುತ್ತವೆ. ಅವುಗಳಲ್ಲಿ ಮೂರನೇ ಒಂದು ಭಾಗದಷ್ಟು ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್, ಗ್ರೈಂಡಿಂಗ್‌ನಂತಹ ಜಾಬ್ ವರ್ಕ್‌ನವು, ಅಂದರೆ ನಮ್ಮ ಭಾಗಗಳನ್ನು ಹೊರಗೆ ಕಳುಹಿಸಿ ಮಾಡಿಸುವ ಕೆಲಸದವು. ಇವನ್ನು ಇಆರ್‌ಪಿಯಲ್ಲಿ (ಖರೀದಿ, ದಾಸ್ತಾನು, ಲೆಕ್ಕ ಎಲ್ಲವನ್ನೂ ಒಟ್ಟಿಗೆ ನೋಡಿಕೊಳ್ಳುವ ತಂತ್ರಾಂಶ) ನಮೂದಿಸುವುದಕ್ಕೆಂದು ಒಂದೂವರೆ ವರ್ಷದ ಹಿಂದೆ ಬಾಟ್ ಒಂದನ್ನು ಹಾಕಿಸಿದೆವು. ಅದು ಪ್ರತಿದಿನ ಸಂಜೆ ಏಳಕ್ಕೆ ಬಿಲ್ಲುಗಳಿಗೆಂದೇ ಇಟ್ಟಿರುವ ಇಮೇಲ್ ತೆರೆದು, ಪಿಡಿಎಫ್‌ಗಳನ್ನು ಇಳಿಸಿಕೊಂಡು, ಓಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಓದುವ ತಂತ್ರ) ಮೂಲಕ ಬಿಲ್ಲಿನ ಸಂಖ್ಯೆ, ದಿನಾಂಕ, ಪಿಒ (ಖರೀದಿ ಆದೇಶ) ಸಂಖ್ಯೆ, ಮೊತ್ತ ಇವುಗಳನ್ನು ಓದಿ, ನಾವು ಟೈಪ್ ಮಾಡುವಂತೆಯೇ ಪರದೆಯ ಒಂದೊಂದು ಅಂಕಣವನ್ನೂ ತುಂಬಿ ಉಳಿಸುತ್ತದೆ. ಕಾಗದದಲ್ಲಿ ಬಂದ ಬಿಲ್ಲುಗಳನ್ನು ನಮ್ಮವರು ಸ್ಕ್ಯಾನ್ ಮಾಡಿ ಅದೇ ಇಮೇಲ್‌ಗೆ ಕಳುಹಿಸುತ್ತಾರೆ.

ಮೊದಲ ಮೂರು ತಿಂಗಳು ನಮಗೆಲ್ಲ ಬಹಳ ಸಂತೋಷವಾಗಿತ್ತು. ಆಮೇಲೆ ಒಂದೊಂದೇ ತೊಂದರೆ ಕಾಣಿಸಿಕೊಂಡಿತು. ಒಂದು ರಾತ್ರಿ ಕಂಪ್ಯೂಟರ್ ಅಪ್‌ಡೇಟ್ ಆಗಿ ಪರದೆಯ ಅಳತೆ ಬದಲಾದದ್ದರಿಂದ ಬಾಟ್‌ಗೆ ಉಳಿಸುವ ಗುಂಡಿಯೇ ಸಿಗದೆ ಬೆಳಗಿನವರೆಗೂ ಕೆಲಸ ನಿಂತಿತ್ತು. ಅದನ್ನು ಸರಿಪಡಿಸಿಕೊಂಡೆವು. ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ಪ್ರಸಂಗ. ಪೂರೈಕೆದಾರರೊಬ್ಬರು ಒಂದೇ ಬಿಲ್ಲನ್ನು ಇಮೇಲ್‌ನಲ್ಲಿ ಕಳುಹಿಸಿದ್ದಲ್ಲದೆ ಲಾರಿಯ ಜೊತೆ ಕಾಗದದಲ್ಲಿಯೂ ಕೊಟ್ಟಿದ್ದರು. ಇಮೇಲ್‌ನಲ್ಲಿ ಬಂದ ಪ್ರತಿಯನ್ನು ಬಾಟ್ ‘ಎಸ್/417’ ಎಂದು ಸರಿಯಾಗಿಯೇ ಓದಿತು. ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ ನಡುವಿನ ಓರೆಗೆರೆಯನ್ನು ಒಂದು ಎಂದು ಓದಿ ‘ಎಸ್1417’ ಎಂದು ನಮೂದಿಸಿತು. ಇಆರ್‌ಪಿಯ ಲೆಕ್ಕದಲ್ಲಿ ಅವು ಎರಡು ಬೇರೆ ಬೇರೆ ಬಿಲ್ಲುಗಳಾದವು. ಅದು ವರ್ಷಪೂರ್ತಿ ಚಾಲ್ತಿಯಲ್ಲಿರುವ ಓಪನ್ ಪಿಒ ಆಗಿದ್ದುದರಿಂದ ಮೊತ್ತದ ಮಿತಿಯೂ ಮೀರಲಿಲ್ಲ. ಜಿಆರ್‌ಎನ್ (ಸರಕು ಬಂದದ್ದಕ್ಕೆ ನಾವು ಮಾಡುವ ಸ್ವೀಕೃತಿ ಪತ್ರ) ಜೋಡಿಸಿ ನೋಡುವುದು ಬಾಟ್‌ಗೆ ವಹಿಸಿದ ಕೆಲಸವಾಗಿರಲಿಲ್ಲ. ಅನುಮೋದಿಸುವವರು ಅದನ್ನೆಲ್ಲ ಬಾಟ್ ನೋಡಿರುತ್ತದೆ ಎಂದುಕೊಂಡರು. ಎರಡಕ್ಕೂ ಹಣ ಹೋಯಿತು. ಪೂರೈಕೆದಾರರ ಕಡೆಯ ಅಕೌಂಟೆಂಟ್ ತಾವಾಗಿಯೇ ಕರೆ ಮಾಡಿ ಹೇಳಿದ ಮೇಲಷ್ಟೇ ನಮಗೆ ಗೊತ್ತಾಯಿತು. ಹಣ ವಾಪಸು ಬಂದದ್ದು ಅವರ ಪ್ರಾಮಾಣಿಕತೆಯಿಂದ, ನಮ್ಮ ವ್ಯವಸ್ಥೆಯ ಗಟ್ಟಿತನದಿಂದಲ್ಲ.

ಈಗ ಬಾಟ್‌ನ ಪರವಾನಗಿ ನವೀಕರಿಸುವ ಸಮಯ ಬಂದಿದೆ. ಇದೇ ಹೊತ್ತಿಗೆ ಒಂದು ಸಲಹಾ ಸಂಸ್ಥೆಯವರು ಬಂದು, ಬಿಡಿ ಬಾಟ್‌ಗಳ ಕಾಲ ಮುಗಿಯಿತು, ಪ್ರಾಸೆಸ್ ಮೈನಿಂಗ್ (ಕೆಲಸ ಯಾವ ಹಂತದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ದಾಖಲೆಗಳಿಂದ ಕಂಡುಹಿಡಿಯುವುದು), ಕೃತಕ ಬುದ್ಧಿಮತ್ತೆಯಿಂದ ಬಿಲ್ಲು ಓದುವ ತಂತ್ರಾಂಶ, ವರ್ಕ್‌ಫ್ಲೋ (ಬಿಲ್ಲನ್ನು ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸುವ ವ್ಯವಸ್ಥೆ), ನಿರ್ಧಾರದ ನಿಯಮಗಳು ಎಲ್ಲವೂ ಸೇರಿದ ಸಮಗ್ರ ವ್ಯವಸ್ಥೆಯನ್ನೇ ತೆಗೆದುಕೊಳ್ಳಿ ಎನ್ನುತ್ತಿದ್ದಾರೆ. ಅದರ ವೆಚ್ಚ ಈಗಿನದರ ಹಲವು ಪಟ್ಟು. ನಮ್ಮ ತೊಂದರೆಯಲ್ಲಿ ಬಾಟ್‌ನ ಪಾಲು ಎಷ್ಟು, ನಮ್ಮ ಪದ್ಧತಿಯ ಪಾಲು ಎಷ್ಟು ಎಂಬುದನ್ನು ತಿಳಿಯದೆ ಆಡಳಿತ ಮಂಡಳಿಯ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಆಟೊಮೇಷನ್ ಡೆವಲಪರ್, ಬೆಂಗಳೂರು

ನಮಸ್ಕಾರ ಸರ್. ಹನ್ನೆರಡು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ಮೊದಲು ಇವೆರಡರ ವ್ಯತ್ಯಾಸವನ್ನು ನಾನು ತಿಳಿದಂತೆ ಹೇಳುತ್ತೇನೆ.

ನೀವು ಹಾಕಿಸಿರುವುದು ಆರ್‌ಪಿಎ (ರೋಬೋಟಿಕ್ ಪ್ರಾಸೆಸ್ ಆಟೊಮೇಷನ್) ಬಾಟ್. ಇಂಗ್ಲೆಂಡಿನಲ್ಲಿ 2001ರಲ್ಲಿ ಶುರುವಾದ ಬ್ಲೂ ಪ್ರಿಸಂ, ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2005ರಲ್ಲಿ ಹುಟ್ಟಿದ ಯುಐಪಾತ್, ನಮ್ಮಲ್ಲಿಯೇ ಇನ್ಫೋಸಿಸ್‌ನ ಅಂಗಸಂಸ್ಥೆ ಎಡ್ಜ್‌ವರ್ವ್ ತಂದ ಅಸಿಸ್ಟ್‌ಎಡ್ಜ್, ಇವೆಲ್ಲದರ ಮೂಲ ಉಪಾಯ ಒಂದೇ. ಹಳೆಯ ತಂತ್ರಾಂಶಕ್ಕೆ ಎಪಿಐ (ಬೇರೆ ತಂತ್ರಾಂಶ ಅದರ ಜೊತೆ ನೇರವಾಗಿ ಮಾಹಿತಿ ಹಂಚಿಕೊಳ್ಳುವ ದಾರಿ) ಇಲ್ಲದಿದ್ದರೆ, ಅಥವಾ ಇದ್ದರೂ ಅದನ್ನು ಮುಟ್ಟಲು ಐಟಿ ವಿಭಾಗದವರು ಒಪ್ಪದಿದ್ದರೆ, ಮನುಷ್ಯರು ನೋಡುವ ಪರದೆಯ ಮೂಲಕವೇ ಆ ಕೆಲಸವನ್ನು ಮಾಡಿಸುವುದು. ಒಳಗಿನ ಯಾವುದನ್ನೂ ಬದಲಾಯಿಸಬೇಕಾಗಿಲ್ಲವಾದ್ದರಿಂದ ಕೆಲವೇ ವಾರಗಳಲ್ಲಿ ಫಲ ಕಾಣುತ್ತದೆ. ಆದರೆ ಪರದೆ ಬದಲಾದ ದಿನ ಬಾಟ್ ನಿಲ್ಲುವುದೂ ಅದೇ ಕಾರಣಕ್ಕೆ. ಅದು ನಡೆಸುವುದು ಹೆಜ್ಜೆಗಳ ಒಂದು ಸರಣಿಯನ್ನು. ಆ ಬಿಲ್ಲು ಎಲ್ಲಿಂದ ಬಂತು, ಮುಂದೆ ಯಾರ ಬಳಿಗೆ ಹೋಗಬೇಕು, ಹಣ ಕೊಡಬಹುದೋ ಬಾರದೋ ಎಂಬುದಕ್ಕೆ ಅದರಲ್ಲಿ ಜಾಗವೇ ಇಲ್ಲ.

ಸಮಗ್ರ ವ್ಯವಸ್ಥೆ ಎಂದು ಅವರು ಹೇಳುತ್ತಿರುವುದರಲ್ಲಿ ಬಿಲ್ಲೇ ಕೇಂದ್ರ. ಗೇಟಿಗೆ ಸರಕು ಬಂದ ಕ್ಷಣದಿಂದ ಬ್ಯಾಂಕಿನಿಂದ ಹಣ ಹೋಗುವವರೆಗೆ ಆ ಒಂದು ಬಿಲ್ಲು ಯಾವ ಸ್ಥಿತಿಯಲ್ಲಿದೆ, ಯಾರ ಮೇಜಿನ ಮೇಲಿದೆ, ಎಷ್ಟು ದಿನದಿಂದ ಇದೆ ಎಂಬುದನ್ನು ವ್ಯವಸ್ಥೆ ನೆನಪಿಟ್ಟುಕೊಳ್ಳುತ್ತದೆ. ಓದುವ ಕೆಲಸಕ್ಕೆ ಒಂದು ಸಾಧನ, ಹೋಲಿಸುವ ಕೆಲಸಕ್ಕೆ ನಿಯಮಗಳು, ತೀರ್ಮಾನಕ್ಕೆ ಮನುಷ್ಯರು, ಟೈಪ್ ಮಾಡುವುದಕ್ಕೆ ಬೇಕಾದರೆ ಬಾಟ್. ಗಾರ್ಟ್‌ನರ್ ಸಂಸ್ಥೆ 2019ರಲ್ಲಿ ಇದಕ್ಕೆ ಹೈಪರ್ ಆಟೊಮೇಷನ್ ಎಂಬ ಹೆಸರು ಕೊಟ್ಟ ಮೇಲೆ ಮಾರಾಟಗಾರರೆಲ್ಲ ಆ ಮಾತನ್ನೇ ಹಿಡಿದಿದ್ದಾರೆ. ಹೆಸರು ಹೇಗಾದರೂ ಇರಲಿ, ಕಲ್ಪನೆ ಒಳ್ಳೆಯದು.

ಆದರೂ ನಿಮ್ಮ ಎರಡು ಸಲದ ಪಾವತಿಯನ್ನು ತಡೆಯುವುದಕ್ಕೆ ಆ ದೊಡ್ಡ ವ್ಯವಸ್ಥೆ ಬೇಕಾಗಿಲ್ಲ ಎಂದೇ ನಾನು ಹೇಳುತ್ತೇನೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸಿದ ಬಿಲ್ಲು) ಕಡ್ಡಾಯವಾಗಿದೆ. ಅಂಥ ಬಿಲ್ಲಿನ ಮೇಲೆ ಅಚ್ಚಾಗಿರುವ ಕ್ಯೂಆರ್ ಕೋಡ್‌ನಲ್ಲಿ ಮಾರಿದವರ ಮತ್ತು ಕೊಂಡವರ ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ), ಬಿಲ್ಲಿನ ಸಂಖ್ಯೆ, ದಿನಾಂಕ, ಒಟ್ಟು ಮೊತ್ತ, ಸಾಲುಗಳ ಸಂಖ್ಯೆ, ಮುಖ್ಯ ವಸ್ತುವಿನ ಎಚ್‌ಎಸ್‌ಎನ್ (ಸರಕಿನ ವರ್ಗದ ಸಂಕೇತ) ಮತ್ತು 64 ಅಕ್ಷರಗಳ ಐಆರ್‌ಎನ್ (ಆ ಬಿಲ್ಲಿಗೆ ಮಾತ್ರ ಸೇರಿದ ಗುರುತು ಸಂಖ್ಯೆ) ಇರುತ್ತವೆ, ಅದೂ ಡಿಜಿಟಲ್ ಸಹಿಯೊಂದಿಗೆ. ಐಆರ್‌ಎನ್ ಹುಟ್ಟುವುದು ಮಾರಿದವರ ಜಿಎಸ್‌ಟಿಐಎನ್, ಹಣಕಾಸು ವರ್ಷ, ದಾಖಲೆಯ ಬಗೆ ಮತ್ತು ಬಿಲ್ಲಿನ ಸಂಖ್ಯೆಗಳಿಂದ. ಹೀಗಾಗಿ ಒಂದೇ ಬಿಲ್ಲು ಇಮೇಲ್‌ನಲ್ಲಿ ಬಂದರೂ ಲಾರಿಯಲ್ಲಿ ಬಂದರೂ ಐಆರ್‌ಎನ್ ಒಂದೇ ಆಗಿರುತ್ತದೆ. ಓಸಿಆರ್ ಓರೆಗೆರೆಯನ್ನು ಒಂದು ಎಂದು ಓದುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ನಿಮ್ಮ ಈಗಿನ ಬಾಟ್‌ಗೇ ಮೊದಲು ಕ್ಯೂಆರ್ ಓದು, ಅದು ಇಲ್ಲದಿದ್ದರೆ ಮಾತ್ರ ಓಸಿಆರ್‌ಗೆ ಹೋಗು ಎಂದು ಹೇಳಿಕೊಡಬಹುದು. ಕ್ಯೂಆರ್ ಇಲ್ಲದ ಸಣ್ಣವರ ಬಿಲ್ಲುಗಳಿಗೆ ಜಿಎಸ್‌ಟಿಐಎನ್, ದಿನಾಂಕ, ಮೊತ್ತ ಮೂರೂ ಒಂದೇ ಆಗಿದ್ದರೆ ತಡೆಹಿಡಿಯುವ ಒಂದು ನಿಯಮ ಸಾಕು.

ಕ್ಯೂಆರ್‌ನಲ್ಲಿ ಒಂದೊಂದು ಸಾಲಿನ ದರ, ಪ್ರಮಾಣ, ತೆರಿಗೆಯ ವಿವರ ಇರುವುದಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಪಿಒ ಜೊತೆ ಸಾಲು ಸಾಲಾಗಿ ಹೋಲಿಸಬೇಕಾದರೆ ಪಿಡಿಎಫ್ ಅಥವಾ ಜೇಸನ್ (ಇ-ಇನ್‌ವಾಯ್ಸ್‌ನ ಪೂರ್ಣ ವಿವರವಿರುವ) ಕಡತ ಬೇಕೇ ಬೇಕು.

ಉತ್ತರ: ಸೌಹಾರ್ದ ಸಹಕಾರಿಯೊಂದರ ಕಾರ್ಯದರ್ಶಿ, ದಾವಣಗೆರೆ

ಬಿಡಿ ಬಾಟ್‌ಗಳ ಕಾಲ ಮುಗಿಯಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಪಿಗ್ಮಿ ಸಂಗ್ರಹದ ಲೆಕ್ಕವನ್ನು ಅಂಥದ್ದೇ ಒಂದು ಬಾಟ್ ಎರಡು ವರ್ಷಗಳಿಂದ ಚೆನ್ನಾಗಿ ನಡೆಸಿಕೊಂಡು ಹೋಗುತ್ತಿದೆ. ಏಜೆಂಟರು ಅಂಗಡಿ ಅಂಗಡಿ ಸುತ್ತಿ ಸಂಜೆ ಯಂತ್ರವನ್ನು ತಂದು ಕೊಡುತ್ತಾರೆ. ಅದರ ಕಡತವನ್ನು ಕಂಪ್ಯೂಟರ್‌ಗೆ ಇಳಿಸಿ, ಒಂದೊಂದು ಖಾತೆಗೂ ಜಮಾ ಬರೆಯುವುದಕ್ಕೆ ಮೊದಲು ಇಬ್ಬರು ಸಿಬ್ಬಂದಿ ರಾತ್ರಿ ಎಂಟರವರೆಗೆ ಕೂರಬೇಕಾಗಿತ್ತು. ಮೈಕ್ರೊಸಾಫ್ಟ್‌ನವರು ಪವರ್ ಆಟೊಮೇಟ್ ಡೆಸ್ಕ್‌ಟಾಪ್ ಅನ್ನು 2021ರ ಮಾರ್ಚ್‌ನಲ್ಲಿ ವಿಂಡೋಸ್ 10 ಬಳಕೆದಾರರಿಗೆ ಉಚಿತವಾಗಿ ಕೊಟ್ಟಿದ್ದರಿಂದ ನಮಗೆ ತಂತ್ರಾಂಶದ ಖರ್ಚೂ ಬೀಳಲಿಲ್ಲ. ನಮ್ಮ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗನೇ ಅದನ್ನು ಕಟ್ಟಿದ. ಏಜೆಂಟರು ಕೊಟ್ಟ ನಗದು, ಕಡತದ ಮೊತ್ತ, ಬಾಟ್ ಕೂಡಿಸಿದ ಮೊತ್ತ ಮೂರೂ ತಾಳೆಯಾದರೆ ಮಾತ್ರ ಉಳಿಸುತ್ತದೆ. ಒಂದು ರೂಪಾಯಿ ವ್ಯತ್ಯಾಸವಿದ್ದರೂ ಅಲ್ಲಿಗೇ ನಿಲ್ಲುತ್ತದೆ, ಆಗ ನಾವೇ ಕೂತು ನೋಡುತ್ತೇವೆ.

ಒಂದು ಎಚ್ಚರಿಕೆಯ ಮಾತನ್ನು ಕನ್ನಡದಲ್ಲಿ ಲೆಕ್ಕ ಇಡುವವರಿಗಾಗಿ ಹೇಳಬೇಕು. ನಮ್ಮ ಹಳೆಯ ಸದಸ್ಯರ ಪಟ್ಟಿ ಯೂನಿಕೋಡ್ ಅಲ್ಲದ ನುಡಿ ಫಾಂಟ್‌ನಲ್ಲಿತ್ತು. ಕಣ್ಣಿಗೆ ಕನ್ನಡವಾಗಿಯೇ ಕಾಣುವ ಹೆಸರನ್ನು ಬಾಟ್ ನಕಲಿಸಿ ಇನ್ನೊಂದು ಕಡೆ ಅಂಟಿಸಿದಾಗ ಬರುತ್ತಿದ್ದದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಹೆಸರಿನ ಮೇಲೆ ತಾಳೆ ನೋಡುವುದನ್ನು ಬಿಟ್ಟು ಖಾತೆ ಸಂಖ್ಯೆಯನ್ನಷ್ಟೇ ನಂಬಿದೆವು, ಪಟ್ಟಿಯನ್ನು ನಿಧಾನವಾಗಿ ಯೂನಿಕೋಡ್‌ಗೆ ಪರಿವರ್ತಿಸಿಕೊಂಡೆವು. ಇಂಥ ಕೆಲಸಕ್ಕೆ ಕೃತಕ ಬುದ್ಧಿಮತ್ತೆಯೂ ಬೇಡ, ಸಲಹೆಗಾರರೂ ಬೇಡ.

ಉತ್ತರ: ಖರೀದಿ ಬಿಲ್ಲುಗಳ ವಿಭಾಗದ ಸಹಾಯಕಿ, ತುಮಕೂರು

ನಾನು ತಂತ್ರಜ್ಞಾನ ಓದಿದವಳಲ್ಲ. ಆದರೆ ಎಂಟು ವರ್ಷ ಇದೇ ಬಿಲ್ಲುಗಳನ್ನು ಕೈಯಿಂದ ನಮೂದಿಸಿದ್ದೇನೆ. ನಮ್ಮ ಕಾರ್ಖಾನೆಯಲ್ಲಿಯೂ ಬಾಟ್ ಬಂದಿದೆ. ಹೀಗಾಗಿ ಪೀಣ್ಯದ ಸರ್ ಬರೆದದ್ದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ಜಾಬ್ ವರ್ಕ್ ಬಿಲ್ಲು ಹೇಗಿರುತ್ತದೆ ಎಂಬುದನ್ನು ಹೇಳುತ್ತೇನೆ. ನಾವು ಪ್ಲೇಟಿಂಗ್‌ಗೆ ಕಳುಹಿಸಿದ ಬ್ರಾಕೆಟ್ ಮರಳಿ ಬಂದಾಗ ಸ್ಟೋರ್ಸ್‌ನವರು ಎಣಿಸಿ 2,400 ಎಂದು ಬರೆಯುತ್ತಾರೆ. ಪ್ಲೇಟಿಂಗ್‌ನವರು ತೂಕ ಹಾಕಿ 312 ಕೆಜಿ ಎಂದು ಬಿಲ್ಲು ಮಾಡುತ್ತಾರೆ. ಪಿಒ ಸಹ ಕೆಜಿ ಲೆಕ್ಕದಲ್ಲಿಯೇ ಇರುತ್ತದೆ. ಎರಡನ್ನೂ ತಾಳೆ ಮಾಡಬೇಕಾದರೆ ಆ ಬ್ರಾಕೆಟ್ ಒಂದಕ್ಕೆ 130 ಗ್ರಾಂ ಎಂಬುದು ಗೊತ್ತಿರಬೇಕು. ಅದು ಯಾವ ಕಂಪ್ಯೂಟರಿನಲ್ಲಿಯೂ ಇರಲಿಲ್ಲ, ನನ್ನ ಉದ್ದನೆಯ ನೋಟ್‌ಬುಕ್ಕಿನಲ್ಲಿತ್ತು. ಬಿಲ್ಲಿನಲ್ಲಿ 340 ಕೆಜಿ ಎಂದಿದ್ದರೆ ಟ್ರೇಯ ತೂಕ ಕಳೆಯದೆ ಬರೆದಿದ್ದಾರೆ ಎಂದು ನನಗೆ ನೋಡಿದ ಕೂಡಲೇ ಹೊಳೆಯುತ್ತಿತ್ತು. ನಾನು ಫೋನ್ ಮಾಡಿ ಕೇಳುತ್ತಿದ್ದೆ, ಅವರು ಸರಿಪಡಿಸಿ ಕಳುಹಿಸುತ್ತಿದ್ದರು. ಇನ್ನೊಬ್ಬ ಪೂರೈಕೆದಾರರು ಪ್ರತಿ ತಿಂಗಳ ಕೊನೆಯ ವಾರ ಸಾಗಣೆ ವೆಚ್ಚವನ್ನು ಪ್ರತ್ಯೇಕವಾಗಿ ಹಾಕುತ್ತಾರೆ, ಅದು ಪಿಒದಲ್ಲಿ ಇಲ್ಲ, ಆದರೆ ಖರೀದಿ ವಿಭಾಗದವರು ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ಇಂಥವು ಹತ್ತಾರು.

ಬಾಟ್ ಹಾಕಲು ಬಂದವರು ಎರಡು ದಿನ ನನ್ನ ಪಕ್ಕದಲ್ಲಿ ಕೂತು, ನಾನು ಯಾವ ಗುಂಡಿ ಒತ್ತುತ್ತೇನೆ, ಯಾವ ಅಂಕಣದಿಂದ ಯಾವ ಅಂಕಣಕ್ಕೆ ಹೋಗುತ್ತೇನೆ ಎಂಬುದನ್ನೆಲ್ಲ ವಿಡಿಯೊ ಮಾಡಿಕೊಂಡರು. ಫೋನ್ ಏಕೆ ಮಾಡುತ್ತೀರಿ ಎಂದು ಕೇಳಲಿಲ್ಲ. ನೋಟ್‌ಬುಕ್ಕನ್ನು ತೆರೆದು ನೋಡಲಿಲ್ಲ. ಈಗ ಪ್ರತಿದಿನ ಬೆಳಿಗ್ಗೆ ಬಾಟ್ ಬಿಟ್ಟುಹೋದ ಬಿಲ್ಲುಗಳ ಫೋಲ್ಡರ್ ತೆರೆಯುವುದು ನನ್ನ ಕೆಲಸ. ಅಲ್ಲಿ ಯಾವ ಬಿಲ್ಲು ಏಕೆ ನಿಂತಿತು ಎಂದು ಬರೆದಿರುವುದಿಲ್ಲ. ಅದಕ್ಕಿಂತ ನನಗೆ ಭಯವಾಗುವುದು ನಿಲ್ಲದೆ ದಾಟಿಹೋದ ಬಿಲ್ಲುಗಳ ಬಗ್ಗೆ, ಏಕೆಂದರೆ 340 ಕೆಜಿಯ ಬಿಲ್ಲು ಪಿಒ ದರಕ್ಕೆ ಸರಿಯಾಗಿಯೇ ಇರುತ್ತದೆ, ಬಾಟ್ ಅದನ್ನು ಸರಿ ಎಂದೇ ದಾಖಲಿಸುತ್ತದೆ.

ನಿಮ್ಮ ವಿಭಾಗದಲ್ಲಿ ಮೊದಲು ಈ ಕೆಲಸ ಮಾಡುತ್ತಿದ್ದವರು ಈಗಲೂ ಇದ್ದರೆ, ಯಾವ ತಂತ್ರಾಂಶ ಕೊಳ್ಳಬೇಕೆಂಬುದಕ್ಕೆ ಮೊದಲು ಅವರನ್ನು ಕೂರಿಸಿಕೊಂಡು ಕೇಳಿ ಸರ್.

ಚರ್ಚೆ ಆರಂಭಿಸಿದವರು

ಮೇಡಂ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನಮ್ಮಲ್ಲಿ ಆ ಕೆಲಸ ಮಾಡುತ್ತಿದ್ದವರು ಈಗ ಸ್ಟೋರ್ಸ್‌ನಲ್ಲಿದ್ದಾರೆ. ನಿನ್ನೆ ಸಂಜೆ ಅವರ ಜೊತೆ ಒಂದೂವರೆ ಗಂಟೆ ಕೂತೆ. ತೂಕ ಮತ್ತು ಸಂಖ್ಯೆಯ ಸಮಸ್ಯೆ ನಮ್ಮಲ್ಲಿಯೂ ಹಾಗೆಯೇ ಇದೆ. ಬಾಟ್ ಬಂದ ಮೇಲೆ ಅದನ್ನು ಯಾರೂ ನೋಡುತ್ತಿಲ್ಲ ಎಂಬುದು ನನಗೆ ಗೊತ್ತೇ ಇರಲಿಲ್ಲ. ಈ ವಿಭಾಗದ ಹೊಣೆ ನನ್ನದು, ಆದ್ದರಿಂದ ಆ ತಪ್ಪೂ ನನ್ನದೇ.

ಇನ್ನೊಂದು ಕೆಲಸ ಮಾಡಿದೆ. ಸಲಹೆಗಾರರು ಹೇಳಿದ ಪ್ರಾಸೆಸ್ ಮೈನಿಂಗ್ ಎಂದರೇನು ಎಂದು ಓದಿದಾಗ, ಅದಕ್ಕೆ ಕನಿಷ್ಠ ಬೇಕಾದದ್ದು ಮೂರು ಅಂಕಣಗಳು ಎಂದು ತಿಳಿಯಿತು: ಯಾವ ಬಿಲ್ಲು, ಯಾವ ಹಂತ, ಯಾವ ಸಮಯ. ಇವು ನಮ್ಮ ಇಆರ್‌ಪಿಯಲ್ಲಿಯೇ ಇವೆ. ಗೇಟ್ ರಿಜಿಸ್ಟರ್ ಮಾತ್ರ ಕೈಬರಹದಲ್ಲಿದೆ, ಅದನ್ನು ಒಬ್ಬರು ಟೈಪ್ ಮಾಡಿಕೊಟ್ಟರು. ಒಂದು ತಿಂಗಳ ಬಿಲ್ಲುಗಳನ್ನು ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ. ಬಿಲ್ಲೊಂದನ್ನು ಕೈಯಿಂದ ನಮೂದಿಸಲು ಹಿಂದೆ ನಾಲ್ಕು ನಿಮಿಷ ಹಿಡಿಯುತ್ತಿತ್ತು, ಬಾಟ್ ಅದನ್ನು ಒಂದು ನಿಮಿಷಕ್ಕೆ ಇಳಿಸಿದೆ. ಸರಕು ಗೇಟಿಗೆ ಬಂದ ದಿನದಿಂದ ಬಿಲ್ಲು ಅನುಮೋದನೆಯಾಗುವವರೆಗೆ ಹಿಡಿಯುತ್ತಿರುವುದು ಸಾಮಾನ್ಯವಾಗಿ 17 ದಿನ. ಅದರಲ್ಲಿ ಆರು ದಿನ ಗುಣಮಟ್ಟ ಪರೀಕ್ಷೆ ಮುಗಿದು ಜಿಆರ್‌ಎನ್ ಆಗುವುದಕ್ಕೆ. ದರದಲ್ಲಿಯೋ ಪ್ರಮಾಣದಲ್ಲಿಯೋ ವ್ಯತ್ಯಾಸವಿದ್ದರೆ ಖರೀದಿ ವಿಭಾಗದ ಉತ್ತರಕ್ಕೆ ಕಾಯುವುದರಲ್ಲಿಯೇ ಮತ್ತೆ ಒಂಬತ್ತು ಹತ್ತು ದಿನ. ನಾವು ಇಷ್ಟೆಲ್ಲ ಹಣ ಹಾಕಿ ವೇಗಗೊಳಿಸಿದ್ದು ಆ ನಾಲ್ಕು ನಿಮಿಷಗಳನ್ನು.

ಉತ್ತರ: ಚಾರ್ಟರ್ಡ್ ಅಕೌಂಟೆಂಟ್, ಹುಬ್ಬಳ್ಳಿ

ನೀವು ಕಂಡುಕೊಂಡ 17 ದಿನಗಳ ಬಗ್ಗೆ ಕಾನೂನಿನ ಕಡೆಯಿಂದ ಒಂದು ವಿಷಯ ಸೇರಿಸಬೇಕು. ಪೀಣ್ಯದ ಜಾಬ್ ವರ್ಕ್‌ನವರಲ್ಲಿ ಬಹುತೇಕರು ಸೂಕ್ಷ್ಮ ಅಥವಾ ಸಣ್ಣ ಉದ್ಯಮಗಳಾಗಿ ನೋಂದಾಯಿಸಿಕೊಂಡವರೇ ಆಗಿರುತ್ತಾರೆ. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ ಪ್ರಕಾರ ಅಂಥವರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಗಳ ಒಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳ ಒಳಗೆ ಹಣ ಸಲ್ಲಬೇಕು. 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ 43ಬಿ(ಎಚ್) ಕಲಮು 2024-25ರ ಮೌಲ್ಯಮಾಪನ ವರ್ಷದಿಂದ ಜಾರಿಗೆ ಬಂದ ಮೇಲೆ, ಈ ಅವಧಿ ಮೀರಿದ ಮೊತ್ತವನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಲು ಸಾಧ್ಯ.

ಇಲ್ಲಿ ದಿನಗಳ ಎಣಿಕೆ ಶುರುವಾಗುವುದು ನಿಮ್ಮ ಬಾಟ್ ಬಿಲ್ಲನ್ನು ನಮೂದಿಸಿದ ದಿನದಿಂದಲ್ಲ. ಸರಕು ನಿಜವಾಗಿ ತಲುಪಿದ ದಿನವೇ ಸ್ವೀಕಾರದ ದಿನ. ತಲುಪಿದ 15 ದಿನಗಳ ಒಳಗೆ ನೀವು ಲಿಖಿತವಾಗಿ ಆಕ್ಷೇಪ ಎತ್ತಿದರೆ, ಪೂರೈಕೆದಾರರು ಅದನ್ನು ನಿವಾರಿಸಿದ ದಿನ ಸ್ವೀಕಾರದ ದಿನವಾಗುತ್ತದೆ. ತೂಕದ ವ್ಯತ್ಯಾಸವನ್ನು ಫೋನಿನಲ್ಲಿ ಹೇಳಿ ಬಿಟ್ಟರೆ ಅದು ಲಿಖಿತ ಆಕ್ಷೇಪವಾಗುವುದಿಲ್ಲ. ಆದ್ದರಿಂದ ನಿಮ್ಮ ವ್ಯವಸ್ಥೆ ಗೇಟ್ ಎಂಟ್ರಿಯ ದಿನಾಂಕವನ್ನು ಹಿಡಿದುಕೊಂಡು ಹೊರಡಬೇಕು, ವ್ಯತ್ಯಾಸ ಕಂಡ ದಿನವೇ ಪೂರೈಕೆದಾರರಿಗೆ ಇಮೇಲ್ ಹೋಗಬೇಕು. ಬಿಡಿ ಬಾಟ್‌ಗೆ ಇದನ್ನು ಕಲಿಸುವುದು ಅಸಾಧ್ಯವಲ್ಲ, ಆದರೆ ಬಿಲ್ಲು ಎಲ್ಲಿದೆ ಎಂಬ ನೆನಪು ಇಲ್ಲದ ಕಡೆ ದಿನ ಎಣಿಸುವವರು ಯಾರು?

ಇನ್ನೊಂದು ವಿಷಯ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ಬದಲಾವಣೆಯ ಜಾಡು ಉಳಿಯಬೇಕು, ಅದನ್ನು ಯಾರೂ ನಿಷ್ಕ್ರಿಯಗೊಳಿಸಲು ಆಗಬಾರದು ಎಂಬ ನಿಯಮವಿದೆ. ಆಡಿಟ್‌ಗೆ ಹೋದ ಕಡೆಗಳಲ್ಲಿ ಬಾಟ್ ಯಾವುದೋ ಸಿಬ್ಬಂದಿಯ ಲಾಗಿನ್‌ನಲ್ಲಿಯೇ ಕೆಲಸ ಮಾಡುವುದನ್ನು ನಾನು ಕಂಡಿದ್ದೇನೆ. ರಜೆಯಲ್ಲಿದ್ದವರ ಹೆಸರಿನಲ್ಲಿ ಮಧ್ಯರಾತ್ರಿ 200 ವೋಚರ್‌ಗಳು ಆಗಿರುತ್ತವೆ. ಬಾಟ್‌ಗೆ ಅದರದೇ ಆದ ಐಡಿ ಕೊಡಿ, ಅದಕ್ಕೆ ನಮೂದಿಸುವ ಅಧಿಕಾರ ಮಾತ್ರ ಇರಲಿ, ಅನುಮೋದಿಸುವ ಅಧಿಕಾರ ಎಂದಿಗೂ ಬೇಡ.

ಉತ್ತರ: ಸರ್ಕಾರಿ ಸೇವೆಗಳ ಪ್ರಕ್ರಿಯೆ ವಿಶ್ಲೇಷಕ, ಮೆಲ್ಬರ್ನ್

ಅನುಮೋದನೆಯ ಅಧಿಕಾರದ ಬಗ್ಗೆ ಹುಬ್ಬಳ್ಳಿಯ ಸರ್ ಹೇಳಿದ್ದು ಬಹಳ ದೊಡ್ಡ ಮಾತು. ನಾನಿರುವ ಆಸ್ಟ್ರೇಲಿಯಾದಲ್ಲಿ ಇದಕ್ಕೆ ತೆತ್ತ ಬೆಲೆಯನ್ನು ಎಲ್ಲರೂ ನೋಡಿದ್ದಾರೆ. ರೋಬೊಡೆಟ್ ಎಂದು ಕರೆಯಲಾಗುವ ಯೋಜನೆಯಲ್ಲಿ, ಸರ್ಕಾರದ ನೆರವು ಪಡೆದವರ ವಾರ್ಷಿಕ ಆದಾಯವನ್ನು ತೆರಿಗೆ ಇಲಾಖೆಯಿಂದ ತಂದು, ಅದನ್ನು ವರ್ಷದ 26 ಪಾಕ್ಷಿಕ ಅವಧಿಗಳಿಗೆ ಸಮನಾಗಿ ಹಂಚಿ, ಅವರು ಪಡೆದ ನೆರವಿನೊಂದಿಗೆ ಹೋಲಿಸಿ, ಹೆಚ್ಚು ಪಡೆದಿದ್ದೀರಿ ಎಂದು ಸಾಲದ ನೋಟಿಸ್ ಕಳುಹಿಸಲಾಯಿತು. ನಾಲ್ಕು ತಿಂಗಳು ದುಡಿದು ಎಂಟು ತಿಂಗಳು ಕೆಲಸವಿಲ್ಲದೆ ಇದ್ದವರ ಆದಾಯವೂ ವರ್ಷಪೂರ್ತಿ ಹರಡಿಕೊಂಡಿತು. ಮೊದಲು ಅನುಮಾನ ಬಂದರೆ ಸಿಬ್ಬಂದಿ ವಿಚಾರಿಸುತ್ತಿದ್ದರು. ಆ ಹಂತವನ್ನು ತೆಗೆದು, ಸಾಲವಿಲ್ಲವೆಂದು ಸಾಬೀತುಪಡಿಸುವ ಹೊರೆಯನ್ನು ಜನರ ಮೇಲೆ ಹೊರಿಸಲಾಯಿತು. ಆ ಯೋಜನೆ ಕಾನೂನುಬಾಹಿರವೆಂದು ತೀರ್ಮಾನವಾಗಿ, ಸರ್ಕಾರ ಹಣ ಹಿಂದಿರುಗಿಸಬೇಕಾಯಿತು. ಇದರ ವಿಚಾರಣೆಗೆ ಸರ್ಕಾರ ನೇಮಿಸಿದ ರಾಯಲ್ ಕಮಿಷನ್ ಎಂಬ ತನಿಖಾ ಆಯೋಗ ತನ್ನ ವರದಿಯನ್ನು 2023ರ ಜುಲೈನಲ್ಲಿ ಕೊಟ್ಟಿತು.

ಅಲ್ಲಿ ಲೆಕ್ಕ ಹಾಕಿದ ಯಂತ್ರ ಕೂಡುವುದರಲ್ಲಿ, ಭಾಗಿಸುವುದರಲ್ಲಿ ತಪ್ಪಲಿಲ್ಲ. ತುಮಕೂರಿನ ಮೇಡಂ ಅವರ ಫೋನ್ ಕರೆಯಂಥದ್ದನ್ನು ತೆಗೆದುಹಾಕಿದ್ದರಿಂದ ಆದ ಅನಾಹುತ ಅದು. ಹೀಗಾಗಿ ಪ್ರಕ್ರಿಯೆಯನ್ನು ದೊಡ್ಡದಾಗಿ ಆಟೊಮೇಷನ್‌ಗೆ ತಂದಷ್ಟೂ ಅದು ಹೆಚ್ಚು ಬುದ್ಧಿವಂತವಾಗುತ್ತದೆ ಎಂದು ನಾನು ನಂಬುವುದಿಲ್ಲ. ಬಾಟ್ ತಪ್ಪಿದರೆ ಒಂದು ಬಿಲ್ಲು ಕೆಡುತ್ತದೆ. ನಿಯಮವೇ ತಪ್ಪಿದ್ದರೆ ಅದರಡಿ ಬರುವ ಎಲ್ಲ ಬಿಲ್ಲುಗಳೂ ಒಂದೇ ರೀತಿ ಕೆಡುತ್ತವೆ, ನೋಡುವವರಿಗೆ ಎಲ್ಲವೂ ಸರಿಯಾಗಿರುವಂತೆಯೇ ಕಾಣುತ್ತದೆ.

ಉತ್ತರ: ಆಟೊಮೇಷನ್ ಡೆವಲಪರ್, ಬೆಂಗಳೂರು

ಮೇಲಿನದನ್ನೆಲ್ಲ ಓದಿದ ಮೇಲೆ ನನ್ನ ಮೊದಲ ಉತ್ತರ ಅರ್ಧ ಮಾತ್ರ ಎಂದು ಅನಿಸುತ್ತಿದೆ. ಗುಂಡಿಗಳ ವಿಡಿಯೊ ಮಾಡಿಕೊಂಡು ಎದ್ದುಬಂದ ಯೋಜನೆಗಳಲ್ಲಿ ನಾನೂ ಕೆಲಸ ಮಾಡಿದ್ದೇನೆ. ದಾವಣಗೆರೆಯ ಸರ್ ಅವರ ಪಿಗ್ಮಿ ಬಾಟ್ ಏಕೆ ಚೆನ್ನಾಗಿ ನಡೆಯುತ್ತಿದೆ ಎಂಬುದೂ ಈಗ ಸ್ಪಷ್ಟವಾಗಿದೆ. ಕಡತ ಯಾವಾಗಲೂ ಒಂದೇ ರೂಪದಲ್ಲಿರುತ್ತದೆ, ಸರಿ ತಪ್ಪು ತೀರ್ಮಾನಿಸಲು ಒಂದೇ ಮೊತ್ತ ಸಾಕು, ಬಾಟ್ ನಿಂತರೆ ಯಾರು ನೋಡಬೇಕು ಎಂಬುದು ಎಲ್ಲರಿಗೂ ಗೊತ್ತು. ನಿಮ್ಮ ಖರೀದಿ ಬಿಲ್ಲಿನಲ್ಲಿ ಈ ಮೂರೂ ಇಲ್ಲ.

ಕೃತಕ ಬುದ್ಧಿಮತ್ತೆಯನ್ನು ಎಲ್ಲಿ ಕೂರಿಸಬೇಕು ಎಂಬುದರ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕ್ಯೂಆರ್ ಇಲ್ಲದ, ಒಬ್ಬೊಬ್ಬರದು ಒಂದೊಂದು ನಮೂನೆಯಲ್ಲಿರುವ, ಕೆಲವೊಮ್ಮೆ ಕೈಬರಹದ ಸಣ್ಣ ಬಿಲ್ಲುಗಳನ್ನು ಓದುವುದರಲ್ಲಿ ಹೊಸ ತಂತ್ರಾಂಶಗಳು ಹಳೆಯ ಓಸಿಆರ್‌ಗಿಂತ ನಿಜವಾಗಿಯೂ ಮೇಲು. ಹಳೆಯದಕ್ಕೆ ಮೊತ್ತ ಇಂಥ ಜಾಗದಲ್ಲಿದೆ ಎಂದು ತೋರಿಸಿಕೊಡಬೇಕಾಗಿತ್ತು. ಹೊಸದು ಅಕ್ಕಪಕ್ಕದ ಪದಗಳನ್ನು ನೋಡಿ ಇದೇ ಮೊತ್ತ ಎಂದು ಗುರುತಿಸುತ್ತದೆ. ಅದು ಪ್ರತಿಯೊಂದು ಅಂಕಣಕ್ಕೂ ತನಗೆಷ್ಟು ಖಾತರಿಯಿದೆ ಎಂಬ ಅಂಕಿಯನ್ನೂ ಕೊಡಬಲ್ಲದು. ಆದರೆ ಆ ಅಂಕಿಯನ್ನು ನಂಬಿ ಹಣ ಕೊಡಬಾರದು. ತೆರಿಗೆಗೆ ಮೊದಲಿನ ಮೊತ್ತಕ್ಕೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಕೂಡಿಸಿದರೆ ಒಟ್ಟು ಮೊತ್ತ ಬರುತ್ತದೆಯೇ, ಜಿಎಸ್‌ಟಿಐಎನ್ 15 ಅಕ್ಷರಗಳಿದ್ದು ನಮ್ಮ ಪೂರೈಕೆದಾರರ ಪಟ್ಟಿಯಲ್ಲಿದೆಯೇ, ಕರ್ನಾಟಕದವರಾದರೆ 29ರಿಂದ ಶುರುವಾಗುತ್ತದೆಯೇ ಎಂಬುದನ್ನು ಸಾಮಾನ್ಯ ಗಣಿತದಿಂದಲೇ ಪರೀಕ್ಷಿಸಬೇಕು. ಓದುವುದನ್ನು ಬುದ್ಧಿಮತ್ತೆಗೆ ಬಿಡಿ, ಒಪ್ಪುವುದನ್ನು ನಿಯಮಕ್ಕೆ ಮತ್ತು ಮನುಷ್ಯರಿಗೆ ಉಳಿಸಿಕೊಳ್ಳಿ.

ಖರೀದಿ ವಿಭಾಗದ ಉತ್ತರಕ್ಕೆ ಕಾಯುವ ಆ ಒಂಬತ್ತು ದಿನಗಳಿಗೆ ಬೇಕಾದದ್ದು ವರ್ಕ್‌ಫ್ಲೋ. ಎಷ್ಟೋ ಇಆರ್‌ಪಿಗಳಲ್ಲಿ ಅದು ಇದ್ದೇ ಇರುತ್ತದೆ, ಯಾರೂ ಚಾಲೂ ಮಾಡಿರುವುದಿಲ್ಲ ಅಷ್ಟೆ. ಹೊಸದನ್ನು ಕೊಳ್ಳುವುದಕ್ಕೆ ಮೊದಲು ನಿಮ್ಮ ಇಆರ್‌ಪಿ ಕೊಟ್ಟವರನ್ನು ಕೇಳಿ ನೋಡಿ.

ಚರ್ಚೆ ಆರಂಭಿಸಿದವರು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ನಮ್ಮ ಇಆರ್‌ಪಿಯಲ್ಲಿ ವರ್ಕ್‌ಫ್ಲೋ ಇತ್ತು. ಐದು ವರ್ಷಗಳಿಂದ ಅದಕ್ಕೂ ಸೇರಿಸಿಯೇ ವಾರ್ಷಿಕ ಶುಲ್ಕ ಕಟ್ಟುತ್ತಾ ಬಂದಿದ್ದೇವೆ.

ಆಡಳಿತ ಮಂಡಳಿಯ ಮುಂದೆ ಇಟ್ಟದ್ದು ಹೀಗಿದೆ. ಬಾಟ್‌ನ ಪರವಾನಗಿಯನ್ನು ಒಂದು ವರ್ಷಕ್ಕೆ ಮಾತ್ರ ನವೀಕರಿಸುತ್ತೇವೆ. ಅದು ಮೊದಲು ಕ್ಯೂಆರ್ ಓದುತ್ತದೆ, ಐಆರ್‌ಎನ್ ಈಗಾಗಲೇ ದಾಖಲಾಗಿದ್ದರೆ ಅಲ್ಲಿಗೇ ನಿಲ್ಲುತ್ತದೆ, ತನ್ನದೇ ಐಡಿಯಲ್ಲಿ ನಮೂದಿಸುತ್ತದೆ, ಜಿಆರ್‌ಎನ್ ಇಲ್ಲದ ಬಿಲ್ಲನ್ನು ಅನುಮೋದನೆಗೆ ಕಳುಹಿಸುವುದಿಲ್ಲ. ವ್ಯತ್ಯಾಸವಿರುವ ಬಿಲ್ಲುಗಳು ಇನ್ನು ಫೋಲ್ಡರ್‌ನಲ್ಲಿ ಬೀಳದೆ ಕಾರಣದ ಸಮೇತ ಖರೀದಿ ವಿಭಾಗದ ಹೆಸರಿನಲ್ಲಿ ಸಾಲಾಗಿ ನಿಲ್ಲುತ್ತವೆ, ಪೂರೈಕೆದಾರರಿಗೆ ಅದೇ ದಿನ ಇಮೇಲ್ ಹೋಗುತ್ತದೆ, ಗೇಟ್ ಎಂಟ್ರಿಯಿಂದ 30 ದಿನ ದಾಟಿದ್ದು ನನ್ನ ಮುಂದೆ ಬರುತ್ತದೆ. ಕ್ಯೂಆರ್ ಇಲ್ಲದ ಸಣ್ಣವರ ಬಿಲ್ಲುಗಳಿಗೆ ಮಾತ್ರ ಕೃತಕ ಬುದ್ಧಿಮತ್ತೆಯ ತಂತ್ರಾಂಶವನ್ನು ಮೂರು ತಿಂಗಳು ಪರೀಕ್ಷೆಗೆ ಹಾಕುತ್ತಿದ್ದೇವೆ. ಸಮಗ್ರ ವ್ಯವಸ್ಥೆಯನ್ನು ಈಗ ಕೊಳ್ಳುವುದಿಲ್ಲ ಎಂದು ಸಲಹೆಗಾರರಿಗೆ ತಿಳಿಸಿದ್ದೇನೆ.

ಸ್ಟೋರ್ಸ್‌ಗೆ ಹೋಗಿದ್ದ ನಮ್ಮ ಸಹೋದ್ಯೋಗಿಯನ್ನು ಮರಳಿ ಕರೆತಂದಿದ್ದೇವೆ. ಅವರು ಈಗ ನಮೂದಿಸುವ ಕೆಲಸ ಮಾಡುವುದಿಲ್ಲ, ನಿಯಮಗಳ ಪಟ್ಟಿ ಅವರ ಕೈಯಲ್ಲಿದೆ. ಅದರಲ್ಲಿ ಏನನ್ನೇ ಬದಲಾಯಿಸಬೇಕಾದರೂ ಅವರ ಸಹಿ ಬೇಕು. ಜಾಬ್ ವರ್ಕ್‌ಗೆ ಹೋಗುವ ನಮ್ಮ 186 ಬಿಡಿಭಾಗಗಳ ಪೈಕಿ 140ಕ್ಕೆ ಒಂದರ ತೂಕ ಎಷ್ಟೆಂದು ಸ್ಟೋರ್ಸ್‌ನವರು ತಕ್ಕಡಿಯ ಮೇಲೆ ಹಾಕಿ ಬರೆದುಕೊಟ್ಟಿದ್ದಾರೆ. ಉಳಿದ 46 ಭಾಗಗಳು ಈಗ ಪ್ಲೇಟಿಂಗ್‌ನಲ್ಲಿವೆ, ಬಂದ ಹಾಗೆ ತೂಗಬೇಕು. ತುಮಕೂರಿನ ಮೇಡಂ, ಟ್ರೇಯ ತೂಕವನ್ನು ನೀವು ಯಾವ ರೀತಿ ಕಳೆಯುತ್ತಿದ್ದಿರಿ, ಪ್ರತಿಯೊಬ್ಬ ಪೂರೈಕೆದಾರರ ಟ್ರೇಯನ್ನೂ ಬೇರೆಯಾಗಿಯೇ ತೂಗಿಟ್ಟಿದ್ದಿರಾ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ಖರೀದಿ ಬಿಲ್ಲುಗಳ ವಿಭಾಗದ ಸಹಾಯಕಿ, ತುಮಕೂರು

ಹೌದು ಸರ್, ಬೇರೆಯಾಗಿಯೇ ತೂಗಿದ್ದೆ. ಪ್ಲಾಸ್ಟಿಕ್ ಟ್ರೇ ಮತ್ತು ಕಬ್ಬಿಣದ ಟ್ರೇ ಎರಡೂ ಬರುತ್ತವೆ, ಮಳೆಗಾಲದಲ್ಲಿ ಕೆಳಗೆ ಗೋಣಿ ಹಾಸಿ ಕಳುಹಿಸುವವರೂ ಇದ್ದಾರೆ. ಡೆಲಿವರಿ ಚಲನ್‌ನಲ್ಲಿ ಟ್ರೇಗಳ ಸಂಖ್ಯೆ ಬರೆಯಲು ಒಂದು ಜಾಗ ಮಾಡಿಸಿ, ಅದಿಲ್ಲದಿದ್ದರೆ ಎಷ್ಟು ಕಳೆಯಬೇಕೆಂಬುದು ನಿಮ್ಮ ಬಾಟ್‌ಗೂ ಗೊತ್ತಾಗುವುದಿಲ್ಲ, ಸ್ಟೋರ್ಸ್‌ನವರಿಗೂ ಗೊತ್ತಾಗುವುದಿಲ್ಲ. ನನ್ನ ನೋಟ್‌ಬುಕ್ಕಿನ ಆ ಪುಟದ ಅಂಕಣಗಳು ಹೇಗಿವೆ ಎಂಬುದನ್ನು ನಾಳೆ ಇಲ್ಲಿಯೇ ಬರೆದು ಹಾಕುತ್ತೇನೆ.